ಕಡುಹಸಿರಿನ ಗದ್ದೆಗೇ ಬೆಂಕಿ ರೋಗ ಮೊದಲು

ಮಂಡ್ಯದ ಕೊತ್ತತ್ತಿ ಹೋಬಳಿಯ ನಾಲಾ ಬಯಲಿನಲ್ಲಿ ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಭತ್ತದ ಪೈರು ತೆಂಡೆ ಒಡೆದು ಗದ್ದೆಯ ನೀರನ್ನೇ ಮುಚ್ಚಿರುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಒಂದೇ ಗದ್ದೆಯಲ್ಲಿ ಎರಡು ಬಗೆಯ ಹಸಿರು. ಯೂರಿಯಾ ಎರಚಿದ ಕೈ ಧಾರಾಳವಾದ ಕಡೆ, ಚೀಲ ಬಿಚ್ಚಿಟ್ಟ ಮೂಲೆಯಲ್ಲಿ, ಪೈರು ಕಪ್ಪಿಗೆ ತಿರುಗಿದಷ್ಟು ಹಸಿರಾಗಿ ಬಳುಕುತ್ತಿರುತ್ತದೆ; ಉಳಿದದ್ದು ತುಸು ತಿಳಿ. ನೋಡುವವರ ಕಣ್ಣು ಹೋಗುವುದು ಕಡುಹಸಿರಿನ ಕಡೆಗೇ. ಮೋಡ ಮುಸುಕಿದ ಕೆಲವು ದಿನ, ಇಬ್ಬನಿ ಸುರಿದ ಕೆಲವು ರಾತ್ರಿ ಕಳೆಯಲಿ. ಎರಡೂ ತುದಿ ಚೂಪಾಗಿ ನಡುವೆ ಬೂದಿ ಬಣ್ಣಕ್ಕೆ ತಿರುಗಿದ ವಜ್ರಾಕಾರದ ಚುಕ್ಕೆಗಳು ಎಲೆಯ ಮೇಲೆ ಮೂಡುತ್ತವೆ. ಬೆಂಕಿ ರೋಗ. ಅದೂ ಮೊದಲು ಹೋಗುವುದು ಆ ಕಡುಹಸಿರಿನ ಕಡೆಗೇ.

ಯೂರಿಯಾ ಹೆಚ್ಚಾದರೆ ಬೆಂಕಿ ರೋಗ ಹೆಚ್ಚು ಎಂಬುದು ಇಲ್ಲಿನ ರೈತರಿಗೆ ಹೊಸ ಮಾತಲ್ಲ. ಎಲೆ ಮೆತ್ತಗಾಗುತ್ತದೆ, ಪೈರು ಒತ್ತಾಗಿ ಗಾಳಿ ಆಡುವುದಿಲ್ಲ, ಇಬ್ಬನಿ ಆರುವುದಿಲ್ಲ, ಶಿಲೀಂಧ್ರಕ್ಕೆ ಅಷ್ಟೇ ಸಾಕು. ಈ ಕಾರಣಗಳೆಲ್ಲ ನಿಜ. ಇವುಗಳ ಜೊತೆಗೆ ಗಿಡದ ಒಳಗೆ ಇನ್ನೊಂದು ನಡೆಯುತ್ತಿರುತ್ತದೆ. ಬೆಳೆಯುವ ಕೆಲಸ, ತನ್ನನ್ನು ಕಾಯ್ದುಕೊಳ್ಳುವ ಕೆಲಸ, ಎರಡನ್ನೂ ನಡೆಸುವುದು ಅವೇ ಕೆಲವು ಹಾರ್ಮೋನುಗಳು. ಒಂದು ಏರಿದಾಗ ಇನ್ನೊಂದು ಇಳಿಯುವಂತೆ ಅವು ಪರಸ್ಪರ ಕೈ ಹಿಡಿದುಕೊಂಡಿವೆ. ಈ ಹಿಡಿತ ಎಲ್ಲಿದೆ, ಹೇಗಿದೆ ಎಂಬುದು ಬಿಡಿಬಿಡಿಯಾಗಿ ತಿಳಿದದ್ದು ಕಳೆದ ಇಪ್ಪತ್ತು ವರ್ಷಗಳಲ್ಲಿ. ಗೊಬ್ಬರದ ಅಂಗಡಿಯಿಂದ ಟಾನಿಕ್ ಬಾಟಲಿ ಹಿಡಿದು ಬರುವ ಪ್ರತಿಯೊಬ್ಬ ರೈತನಿಗೂ ಇದು ಗೊತ್ತಿರಬೇಕು ಎಂಬುದು ನನ್ನ ಆಸೆ.

ಕತೆ ಶುರುವಾಗುವುದು ಭತ್ತದ ಇನ್ನೊಂದು ರೋಗದಿಂದ. ಜಪಾನಿನ ಗದ್ದೆಗಳಲ್ಲಿ ಕೆಲವು ಸಸಿಗಳು ಇದ್ದಕ್ಕಿದ್ದಂತೆ ಉಳಿದವನ್ನು ಮೀರಿ ಉದ್ದ ಬೆಳೆಯುತ್ತಿದ್ದವು. ಸಪೂರ, ಬಿಳಿಚಿದ ಮೈ. ಕೆಲವು ಬಿದ್ದು ಸಾಯುತ್ತಿದ್ದವು, ಬದುಕಿದವು ಜೊಳ್ಳು ತೆನೆ ಬಿಡುತ್ತಿದ್ದವು. ರೈತರು ಇದನ್ನು ಬಕಾನೆ ಎಂದು ಕರೆಯುತ್ತಿದ್ದರು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ ಈ ರೋಗದ ಶಿಲೀಂಧ್ರವನ್ನು ದ್ರಾವಣದಲ್ಲಿ ಬೆಳೆಸಿ, ಶಿಲೀಂಧ್ರವನ್ನೆಲ್ಲ ಸೋಸಿ ತೆಗೆದು, ಬರೀ ದ್ರಾವಣವನ್ನು ಆರೋಗ್ಯವಾದ ಸಸಿಗಳಿಗೆ ಕೊಟ್ಟರು. ಸಸಿಗಳು ಹಾಗೆಯೇ ಉದ್ದವಾದವು. ಅಂದರೆ ಶಿಲೀಂಧ್ರ ಸ್ರವಿಸುವ ಯಾವುದೋ ವಸ್ತು ಗಿಡವನ್ನು ಎಳೆದು ಬೆಳೆಸುತ್ತಿತ್ತು. 1935ರಲ್ಲಿ ತೈಜಿರೊ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. 1938ರಲ್ಲಿ ಅದರ ಹರಳುಗಳು ಸಿಕ್ಕವು. ಇದೇ ವಸ್ತುವನ್ನು ಗಿಡಗಳು ತಮ್ಮೊಳಗೆ ತಾವೇ ತಯಾರಿಸಿಕೊಳ್ಳುತ್ತವೆ, ಕಾಂಡ ನೀಳವಾಗುವುದೇ ಇದರಿಂದ ಎಂಬುದು 1950ರ ದಶಕದಲ್ಲಿ ಖಚಿತವಾಯಿತು.

ಇಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ರೋಗ ತರುವ ಶಿಲೀಂಧ್ರ ಗಿಡಕ್ಕೆ ವಿಷ ಉಣಿಸುವುದು ಅರ್ಥವಾಗುತ್ತದೆ. ಆದರೆ ಬೆಳೆಯುವ ಹಾರ್ಮೋನನ್ನೇ ಏಕೆ ಉಣಿಸಬೇಕು? ಕುರೊಸಾವಾ ಅವರ ಪ್ರಯೋಗವಾಗಿ ಸುಮಾರು ಎಂಬತ್ತು ವರ್ಷಗಳ ಮೇಲೆ ಇದಕ್ಕೆ ಉತ್ತರ ಕಾಣತೊಡಗಿತು.

ಗಿಡದ ಜೀವಕೋಶದಲ್ಲಿ ಡೆಲ್ಲಾ ಎಂಬ ಪ್ರೋಟೀನುಗಳಿವೆ. ಬೆಳವಣಿಗೆಗೆ ಕಡಿವಾಣ ಹಾಕುವುದು ಇವುಗಳ ಕೆಲಸ. ಜಿಬ್ಬರೆಲಿನ್ ಬಂದಾಗ ಅದನ್ನು ಗುರುತಿಸುವ ಒಂದು ಗ್ರಾಹಕ ಪ್ರೋಟೀನು ಡೆಲ್ಲಾವನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತದೆ. ಕಡಿವಾಣ ತಪ್ಪಿತು, ಗಿಡ ನೀಳವಾಯಿತು. ಆ ಗ್ರಾಹಕವನ್ನು ಮೊದಲು ಕಂಡುಹಿಡಿದದ್ದು ಭತ್ತದಲ್ಲೇ, 2005ರಲ್ಲಿ, ಜಪಾನಿನ ನಗೋಯಾದಲ್ಲಿ. ಇನ್ನೊಂದು ಕಡೆ ರಕ್ಷಣೆಯ ಹಾರ್ಮೋನು ಜಾಸ್ಮೋನಿಕ್ ಆಮ್ಲ. ಇದರ ದಾರಿಯಲ್ಲೂ ಕಡಿವಾಣ ಹಾಕುವ ಪ್ರೋಟೀನುಗಳಿವೆ, ಅವಕ್ಕೆ ಜಾಝ್ ಎಂದು ಹೆಸರು. ಹುಳು ಎಲೆ ಕಡಿದಾಗ ಜಾಸ್ಮೋನಿಕ್ ಆಮ್ಲ ಹೆಚ್ಚಾಗಿ ಜಾಝ್ ನಾಶವಾಗುತ್ತದೆ. ಅದುವರೆಗೆ ಸುಮ್ಮನಿದ್ದ ರಕ್ಷಣೆಯ ವಂಶವಾಹಿಗಳು ಕೆಲಸಕ್ಕೆ ಇಳಿಯುತ್ತವೆ.

ಈ ಎರಡು ದಾರಿ ಕೂಡುವ ಜಾಗವೇ ಇಡೀ ಕತೆಯ ತಿರುಳು. ಡೆಲ್ಲಾ ಮತ್ತು ಜಾಝ್ ನೇರವಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಡೆಲ್ಲಾ ಹೇರಳವಾಗಿದ್ದರೆ ಜಾಝ್ ಅದರ ಕೈಗೆ ಸಿಕ್ಕಿಬೀಳುತ್ತದೆ, ರಕ್ಷಣೆ ಚುರುಕಾಗಿರುತ್ತದೆ. ಜಿಬ್ಬರೆಲಿನ್ ಬಂದು ಡೆಲ್ಲಾವನ್ನು ಅಳಿಸಿದರೆ ಜಾಝ್ ಬಿಡುಗಡೆಯಾಗಿ ರಕ್ಷಣೆಯನ್ನು ಮಲಗಿಸುತ್ತದೆ. ತಿರುಗುಮುರುಗಾಗಿ, ಜಾಸ್ಮೋನಿಕ್ ಆಮ್ಲ ಜಾಝನ್ನು ಅಳಿಸಿದಾಗ ಡೆಲ್ಲಾದ ಕೈ ಖಾಲಿಯಾಗುತ್ತದೆ, ಅದು ಪೂರ್ತಿ ಬೆಳವಣಿಗೆಯನ್ನು ತಡೆಯುವುದಕ್ಕೆ ತಿರುಗುತ್ತದೆ. 2010 ಮತ್ತು 2012ರಲ್ಲಿ ಬಂದ ಎರಡು ಅಧ್ಯಯನಗಳು ಇದನ್ನು ಎರಡು ದಿಕ್ಕಿನಿಂದಲೂ ತೋರಿಸಿದವು. ಎರಡನೆಯದರಲ್ಲಿ ಭತ್ತವೂ ಇತ್ತು. 2016ರಲ್ಲಿ ಭತ್ತದ ಡೆಲ್ಲಾ ಪ್ರೋಟೀನು ಬೆಂಕಿ ರೋಗ ಮತ್ತು ದುಂಡಾಣು ಎಲೆ ಅಂಗಮಾರಿ ಎರಡರ ವಿರುದ್ಧವೂ ಗಿಡಕ್ಕೆ ಬಲ ಕೊಡುತ್ತದೆ ಎಂಬುದು ಸಿದ್ಧವಾಯಿತು. ಬಕಾನೆ ಶಿಲೀಂಧ್ರದ ಉಪಾಯಕ್ಕೆ ಈಗ ಅರ್ಥ ಬರುತ್ತದೆ. ಬೆಳೆಸುತ್ತಾ ಹೋದರೆ ಗಿಡದ ಕಾವಲು ತಾನಾಗಿಯೇ ಸಡಿಲವಾಗುತ್ತದೆ.

ಇನ್ನು ನಮ್ಮ ಕಡೆಯ ಯೂರಿಯಾ ಚಟಕ್ಕೆ ಬರುತ್ತೇನೆ. ಚಟ ಎಂಬ ಮಾತು ರೈತರಿಗೆ ಅನ್ಯಾಯ ಮಾಡುತ್ತದೆ. ಏಕೆಂದರೆ ಅದರ ಬೇರು ತಳಿಯಲ್ಲೇ ಇದೆ. ಹಳೆಯ ಕಾಲದ ಭತ್ತದ ತಳಿಗಳು ಎತ್ತರ ಬೆಳೆಯುತ್ತಿದ್ದವು. ಗೊಬ್ಬರ ಕೊಟ್ಟರೆ ಇನ್ನೂ ಎತ್ತರವಾಗಿ ತೆನೆಯ ಭಾರಕ್ಕೆ ಮಲಗಿಬಿಡುತ್ತಿದ್ದವು. 1966ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ಎಂಬ ಗಿಡ್ಡ ತಳಿಯನ್ನು ಬಿಡುಗಡೆ ಮಾಡಿತು. 1968ರಲ್ಲಿ ನಮ್ಮಲ್ಲೇ ತಯಾರಾದ ಜಯಾ ಬಂತು. ಆಮೇಲಿನ ಐಆರ್-64ರಂಥ ತಳಿಗಳಿಗೂ ಆ ಗಿಡ್ಡತನ ಬಂದದ್ದು ತೈವಾನಿನ ಒಂದು ಗಿಡ್ಡ ಭತ್ತದಿಂದ. ಗಿಡ್ಡತನಕ್ಕೆ ಕಾರಣವಾದ ವಂಶವಾಹಿ ಯಾವುದು ಎಂದು ತಿಳಿದದ್ದು 2002ರಲ್ಲಿ: ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವ ಅದರಲ್ಲಿ ಕೆಟ್ಟಿತ್ತು. ಜಿಬ್ಬರೆಲಿನ್ ಕಡಿಮೆ, ಡೆಲ್ಲಾ ಹೆಚ್ಚು, ಕಾಂಡ ಗಿಡ್ಡ, ತೆನೆ ಭಾರವಾದರೂ ಪೈರು ನಿಂತೇ ಇರುತ್ತದೆ. ಹಸಿರು ಕ್ರಾಂತಿ ಎಂದು ನಾವು ಕರೆಯುವುದರ ಒಡಲಲ್ಲಿ ಹೀಗೆ ಒಂದು ಹಾರ್ಮೋನಿನ ಕೊರತೆ ಇತ್ತು.

ಇದಕ್ಕೆ ತೆತ್ತ ಬೆಲೆ 2018ರಲ್ಲಿ ಬಯಲಾಯಿತು. ಚೀನಾದ ಶಿಯಾಂಗ್‌ಡಾಂಗ್ ಫು ಅವರ ತಂಡ ತೋರಿಸಿದ್ದೇನೆಂದರೆ, ಡೆಲ್ಲಾ ಹೆಚ್ಚಾಗಿರುವ ಗಿಡ್ಡ ತಳಿಗಳು ನೆಲದಿಂದ ಸಾರಜನಕವನ್ನು ಹೀರಿಕೊಳ್ಳುವುದರಲ್ಲಿ ಹಿಂದೆ. ಬೇರಿನ ಹೀರುವ ಶಕ್ತಿಯನ್ನು ಎಬ್ಬಿಸುವ ಇನ್ನೊಂದು ಪ್ರೋಟೀನಿಗೆ ಡೆಲ್ಲಾ ಅಡ್ಡ ನಿಲ್ಲುತ್ತದೆ. ಆದ್ದರಿಂದ ಒಳ್ಳೆಯ ಇಳುವರಿ ಬೇಕಾದರೆ ಹೆಚ್ಚು ಯೂರಿಯಾ ಹಾಕಲೇಬೇಕಾಗುತ್ತದೆ. ಹಾಕಿದ್ದರಲ್ಲಿ ಗಿಡ ಹೀರಿಕೊಳ್ಳದೆ ಉಳಿದದ್ದು ಗಾಳಿಗೂ ನೀರಿಗೂ ಹೋಗುತ್ತದೆ. ಹೀರಿಕೊಂಡದ್ದು ಎಲೆಯನ್ನು ಮೆತ್ತಗೆ ಮಾಡಿ ಬೆಂಕಿ ರೋಗಕ್ಕೆ ಹಾಸಿಗೆ ಹಾಸುತ್ತದೆ. ಕೊತ್ತತ್ತಿಯ ರೈತ ಗೊಬ್ಬರದ ವಿಷಯದಲ್ಲಿ ಅತಿ ಮಾಡುತ್ತಾನೆ ಎಂದು ಬೈಯುವವರು ಈ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಚ್ಚು ಗೊಬ್ಬರ ಕೇಳುವ ತಳಿಯನ್ನು ಅವನ ಕೈಗೆ ಕೊಟ್ಟವರು ನಾವೇ, ಅಂದರೆ ವಿಜ್ಞಾನ ಮತ್ತು ಸರ್ಕಾರ.

ಹಾರ್ಮೋನುಗಳನ್ನು ಬರೀ ಭತ್ತದ ವಿಷಯವಾಗಿ ನೋಡಬಾರದು. ಮಂಡ್ಯದವರು ದಿನನಿತ್ಯ ಅವುಗಳ ಜೊತೆ ವ್ಯವಹಾರ ಮಾಡುವುದು ಕಬ್ಬಿನಲ್ಲಿ. ಬಿತ್ತನೆಗೆ ಜಲ್ಲೆಯನ್ನು ಎರಡು ಕಣ್ಣು, ಮೂರು ಕಣ್ಣಿನ ತುಂಡುಗಳಾಗಿ ಕಡಿಯುತ್ತಾರೆ. ಈಚೆಗೆ ಒಂಟಿ ಕಣ್ಣಿನ ಸಸಿ ಮಾಡಿ ಟ್ರೇಗಳಲ್ಲಿ ಬೆಳೆಸುವುದೂ ಇದೆ. ಇಡೀ ಜಲ್ಲೆಯನ್ನು ನೆಟ್ಟರೆ ತುದಿಯ ಕಣ್ಣುಗಳು ಚಿಗುರಿ ಬುಡದವು ಮಲಗಿಯೇ ಇರುತ್ತವೆ. ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಅದುಮಿ ಹಿಡಿದಿರುತ್ತದೆ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆ ಜಾತಿಯ ಒಂದು ಗಿಡದಲ್ಲಿ ತುದಿ ಚಿವುಟಿ, ಆ ಜಾಗಕ್ಕೆ ಆಕ್ಸಿನ್ ಇಟ್ಟು ಇದನ್ನು ಸಾಬೀತು ಮಾಡಿದರು. ಕಬ್ಬು ಕಡಿಯುವ ಕತ್ತಿ ಅದೇ ಕೆಲಸವನ್ನು ಅದಕ್ಕಿಂತ ಎಷ್ಟೋ ಮೊದಲಿನಿಂದ ಮಾಡುತ್ತ ಬಂದಿದೆ. ಎಳೆಯ ಕಬ್ಬಿನ ಸುಳಿಯನ್ನು ಕೊರಕ ತಿಂದು ಒಣಗಿಸಿದಾಗ ಬುಡದಿಂದ ಮರಿಗಳು ಒಡೆಯುವುದೂ ಈ ಕಾರಣಕ್ಕೇ. ಆಕ್ಸಿನ್ನಿನ ಹಿಡಿತ ಹೋಯಿತು; ಚಿಗುರಿಸುವ ಇನ್ನೊಂದು ಹಾರ್ಮೋನು ಸೈಟೊಕೈನಿನ್ ಗೆದ್ದಿತು. ಹುಳು ಮಾಡಿದ ನಷ್ಟವನ್ನು ಗಿಡ ಬೆಳವಣಿಗೆಯಿಂದಲೇ ತುಂಬಿಕೊಳ್ಳುತ್ತದೆ. ಬೆಳೆಯುವುದು ಕೂಡ ಒಂದೊಂದು ಸಲ ರಕ್ಷಣೆಯೇ.

ಈಗ ರಕ್ಷಣೆಯ ಕಡೆಗೆ. ಜಾಸ್ಮೋನಿಕ್ ಆಮ್ಲದ ಹತ್ತಿರದ ಬಂಧು ಮೀಥೈಲ್ ಜಾಸ್ಮೋನೇಟನ್ನು 1962ರಲ್ಲಿ ಜಾಜಿ ಹೂವಿನ ಎಣ್ಣೆಯಿಂದ ಬೇರ್ಪಡಿಸಿದ್ದರು. ಬಹಳ ಕಾಲ ಅದು ಸುಗಂಧದ ವಸ್ತು ಮಾತ್ರವಾಗಿತ್ತು. 1990ರಲ್ಲಿ ಅಮೆರಿಕದ ಕ್ಲಾರೆನ್ಸ್ ರಯಾನ್ ಮತ್ತು ಎಡ್ವರ್ಡ್ ಫಾರ್ಮರ್ ಒಂದು ಪ್ರಯೋಗ ಮಾಡಿದರು. ಈ ವಸ್ತುವನ್ನು ಸೂಸುವ ಪೊದೆಯೊಂದರ ರೆಂಬೆಗಳನ್ನು ಟೊಮ್ಯಾಟೊ ಗಿಡದ ಜೊತೆ ಮುಚ್ಚಿದ ಪಾತ್ರೆಯಲ್ಲಿ ಇಟ್ಟರು. ಗಿಡಗಳು ಒಂದನ್ನೊಂದು ಮುಟ್ಟಲಿಲ್ಲ. ಆದರೂ ಟೊಮ್ಯಾಟೊ ಎಲೆಗಳು, ಹುಳುವಿನ ಹೊಟ್ಟೆಯಲ್ಲಿ ಜೀರ್ಣವಾಗದಂತೆ ತಡೆಯುವ ಪ್ರೋಟೀನುಗಳನ್ನು ತಯಾರಿಸತೊಡಗಿದವು. ಗಾಳಿಯಲ್ಲಿ ಬಂದ ವಾಸನೆಯೇ ಎಚ್ಚರಿಕೆಯಾಗಿತ್ತು.

ಇನ್ನೊಂದು ರಕ್ಷಣೆಯ ಹಾರ್ಮೋನು ಸ್ಯಾಲಿಸಿಲಿಕ್ ಆಮ್ಲ, ಆಸ್ಪಿರಿನ್ ಮಾತ್ರೆಯ ಮೂಲವಸ್ತು. 1979ರಲ್ಲಿ ಇಂಗ್ಲೆಂಡಿನ ರೇಮಂಡ್ ವೈಟ್ ಹೊಗೆಸೊಪ್ಪಿನ ಎಲೆಗೆ ಆಸ್ಪಿರಿನ್ ದ್ರಾವಣ ಚುಚ್ಚಿದಾಗ ಅದು ಮೊಸಾಯಿಕ್ ವೈರಸ್ಸನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡಿತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಆ ರೋಗದ ಪರಿಚಯ ಇದ್ದೇ ಇದೆ. ಗಿಡ ಸೋಂಕು ತಗುಲಿದಾಗ ಈ ಆಮ್ಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು.

ಪಠ್ಯಪುಸ್ತಕಗಳು ಇಲ್ಲಿ ಒಂದು ಸರಳ ಸೂತ್ರ ಕೊಡುತ್ತವೆ: ಬದುಕಿರುವ ಅಂಗಾಂಶದಿಂದ ಆಹಾರ ಹೀರುವ ರೋಗಾಣುಗಳಿಗೆ ಸ್ಯಾಲಿಸಿಲಿಕ್ ಆಮ್ಲ, ಅಗಿಯುವ ಹುಳುಗಳಿಗೂ ಕೊಂದು ತಿನ್ನುವ ಶಿಲೀಂಧ್ರಗಳಿಗೂ ಜಾಸ್ಮೋನಿಕ್ ಆಮ್ಲ, ಎರಡಕ್ಕೂ ಪರಸ್ಪರ ಹಗೆ. ಸಾಸಿವೆ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಕಂಡ ಸೂತ್ರ ಇದು. ಭತ್ತಕ್ಕೆ ಇದನ್ನು ಹಾಗೆಯೇ ಹೊರಿಸಲಾಗದು. ಭತ್ತದ ಎಲೆಯಲ್ಲಿ ರೋಗವಿಲ್ಲದಾಗಲೂ ಸ್ಯಾಲಿಸಿಲಿಕ್ ಆಮ್ಲ ಬಹಳವಿರುತ್ತದೆ. ಬೆಂಕಿ ರೋಗ ಬಂದಾಗ ಎರಡು ಆಮ್ಲಗಳೂ ಎಬ್ಬಿಸುವ ವಂಶವಾಹಿಗಳಲ್ಲಿ ಬಹುಪಾಲು ಒಂದೇ. ಅಲ್ಲಿ ಅವು ಜೊತೆಗಾರರು.

ಹುಳುಗಳ ವಿಷಯದಲ್ಲಿ ಇನ್ನೂ ತೊಡಕಿದೆ. 2009ರಲ್ಲಿ ಚೀನಾದ ವಿಜ್ಞಾನಿಗಳು ಭತ್ತದಲ್ಲಿ ಜಾಸ್ಮೋನಿಕ್ ಆಮ್ಲ ತಯಾರಿಸುವ ಒಂದು ವಂಶವಾಹಿಯ ಬಾಯಿ ಮುಚ್ಚಿದರು. ನಿರೀಕ್ಷೆಯಂತೆ ಕಾಂಡ ಕೊರಕದ ಹಾವಳಿ ಹೆಚ್ಚಾಯಿತು. ಆದರೆ ಕಂದು ಜಿಗಿಹುಳುವಿಗೆ ಅದೇ ಗಿಡ ಮೊದಲಿಗಿಂತ ಹೆಚ್ಚು ಗಟ್ಟಿಯಾಗಿ ನಿಂತಿತು. ಒಂದು ಕೀಟಕ್ಕೆ ಬಾಗಿಲು ಮುಚ್ಚುವ ರಾಸಾಯನಿಕ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ. ಮಂಡ್ಯದ ಗದ್ದೆಗಳಲ್ಲಿ ಕೊರಕವೂ ಇದೆ, ಜಿಗಿಹುಳುವೂ ಇದೆ. ‘ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಬಾಟಲಿಯ ಮೇಲೆ ಅಚ್ಚಾದದ್ದನ್ನು ಕಂಡಾಗ ರೈತರು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿದೆ: ಯಾವ ರೋಗಕ್ಕೆ, ಯಾವ ಹುಳುವಿಗೆ?

ಶತ್ರುಗಳಿಗೂ ಈ ವ್ಯವಸ್ಥೆಯ ಒಳಹೊರಗು ಚೆನ್ನಾಗಿ ಗೊತ್ತು. ಬೆಂಕಿ ರೋಗದ ಶಿಲೀಂಧ್ರ ಒಂದು ಕಿಣ್ವವನ್ನು ಸ್ರವಿಸಿ ಗಿಡದ ಜಾಸ್ಮೋನಿಕ್ ಆಮ್ಲವನ್ನು ಕೆಲಸಕ್ಕೆ ಬಾರದ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಇದನ್ನು 2015ರಲ್ಲಿ ಪ್ರಕಟಿಸಿದವರು ಸಿಂಗಪುರದ ತೆಮಾಸೆಕ್ ಪ್ರಯೋಗಾಲಯದ ರಾಜೇಶ್ ಪಾಟ್ಕರ್, ನವೀದ್ ನಖ್ವಿ ಮತ್ತು ಸಂಗಡಿಗರು. ಗಿಡ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರುತ್ತದೆ, ಸದ್ದು ಮಾತ್ರ ಹೊರಡುವುದಿಲ್ಲ.

ಅಬ್ಸಿಸಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನಿನ ಮಾತು ವಿಶ್ವೇಶ್ವರಯ್ಯ ನಾಲೆಯವರಿಗೆ ತೀರ ಹತ್ತಿರದ್ದು. ಬೇರಿಗೆ ನೀರು ಸಾಲದೆ ಹೋದಾಗ ಗಿಡ ಈ ಹಾರ್ಮೋನನ್ನು ಹೆಚ್ಚಿಸಿ ಎಲೆಯ ರಂಧ್ರಗಳನ್ನು ಮುಚ್ಚುತ್ತದೆ, ನೀರು ಉಳಿಸುತ್ತದೆ. ಅದು ಹೆಚ್ಚಾದಷ್ಟೂ ಸ್ಯಾಲಿಸಿಲಿಕ್ ಆಮ್ಲದ ಕೆಲಸ ಕುಗ್ಗುತ್ತದೆ, ಬೆಂಕಿ ರೋಗಕ್ಕೆ ಭತ್ತ ಸುಲಭದ ತುತ್ತಾಗುತ್ತದೆ. ನೀರು ನಿಲ್ಲದ ಮೆಟ್ಟು ನೆಲದ ಭತ್ತಕ್ಕೆ ಬೆಂಕಿ ರೋಗ ಹೆಚ್ಚು ಎಂಬ ಹಳೆಯ ಅನುಭವಕ್ಕೆ ಇದೂ ಒಂದು ಕಾರಣ. ಕೃಷ್ಣರಾಜಸಾಗರ ತುಂಬದ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಡುತ್ತಾರೆ. ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಆ ನೀರು ಮುಟ್ಟುವುದು ತಡ, ಒಮ್ಮೊಮ್ಮೆ ಮುಟ್ಟುವುದೇ ಇಲ್ಲ. ಗದ್ದೆ ಬಿರುಕು ಬಿಟ್ಟು, ಆಮೇಲೆ ನೀರು ಬಂದ ಸಂತೋಷಕ್ಕೆ ಒಂದೇ ಸಲ ಯೂರಿಯಾ ಸುರಿದರೆ ಎರಡು ಕಡೆಯಿಂದಲೂ ರೋಗಕ್ಕೆ ದಾರಿ ಮಾಡಿದಂತೆ. ನೀರಿನ ಸರದಿ ನಿಗದಿ ಮಾಡುವವರು ಇಳುವರಿಯ ಜೊತೆಗೆ ರೋಗದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಒತ್ತು ನಾಟಿಯೂ ಇದೇ ಗಂಟಿಗೆ ಸೇರಿದೆ. ಅಕ್ಕಪಕ್ಕದ ಎಲೆಗಳು ಬೆಳಕು ಕಸಿದುಕೊಂಡಾಗ ಗಿಡ ಬೆಳಕಿನ ಬಣ್ಣದ ವ್ಯತ್ಯಾಸದಿಂದಲೇ ಅದನ್ನು ತಿಳಿಯುತ್ತದೆ. ಫೈಟೋಕ್ರೋಮ್ ಎಂಬ ಪ್ರೋಟೀನು ಇದಕ್ಕೆ ಕಣ್ಣು. ನೆರಳು ಬಿತ್ತೆಂದರೆ ಮೇಲೇಳುವುದೇ ಮೊದಲ ಕೆಲಸ. ಡೆಲ್ಲಾ ಇಳಿಯುತ್ತದೆ, ಜಾಸ್ಮೋನಿಕ್ ಆಮ್ಲದ ಮಾತಿಗೆ ಗಿಡ ಕಿವಿಗೊಡುವುದು ಕಡಿಮೆಯಾಗುತ್ತದೆ. ಹಲವು ಗಿಡಗಳಲ್ಲಿ ಇದು ಸ್ಥಿರಪಟ್ಟಿದೆ.

ಗಿಡದ ಬಳಿ ಇರುವ ಶಕ್ತಿ ಇಷ್ಟೇ, ರಕ್ಷಣೆಗೆ ಕೊಟ್ಟರೆ ಬೆಳವಣಿಗೆಗೆ ಉಳಿಯುವುದಿಲ್ಲ ಎಂದು ಬಹಳ ಕಾಲ ವಿಜ್ಞಾನಿಗಳು ನಂಬಿದ್ದರು. ಅಮೆರಿಕದ ಹರ್ಮ್ಸ್ ಮತ್ತು ಮ್ಯಾಟ್ಸನ್ 1992ರಲ್ಲಿ ಬರೆದ ಪ್ರಸಿದ್ಧ ಲೇಖನ ಈ ಇಕ್ಕಟ್ಟನ್ನೇ ವಿವರಿಸಿತ್ತು. ನಾಲೆಯ ಭಾಷೆಯಲ್ಲಿ ಹೇಳುವುದಾದರೆ, ನೀರು ಕಡಿಮೆ, ಆದ್ದರಿಂದ ಒಂದು ಕಾಲುವೆ ಒಣಗಲೇಬೇಕು. 2016ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಗ್ರೆಗ್ ಹೋ ಅವರ ತಂಡ ಈ ನಂಬಿಕೆಯನ್ನು ಅಲುಗಿಸಿತು. ಅರಾಬಿಡಾಪ್ಸಿಸ್ ಗಿಡದಲ್ಲಿ ಐದು ಜಾಝ್ ವಂಶವಾಹಿಗಳನ್ನೂ ನೆರಳು ಗುರುತಿಸುವ ಒಂದು ಫೈಟೋಕ್ರೋಮನ್ನೂ ತೆಗೆದುಹಾಕಿದರು. ಆ ಗಿಡ ಚೆನ್ನಾಗಿ ಬೆಳೆಯಿತು, ಹುಳುಗಳನ್ನೂ ತಡೆಯಿತು. ಅಂದರೆ ನೀರಿತ್ತು, ಒಂದು ತೂಬನ್ನು ಮುಚ್ಚಿದ್ದವನು ನೀರುಗಂಟಿ. ಹಾರ್ಮೋನುಗಳು ಆ ನೀರುಗಂಟಿ. ಕಾಡಿನಲ್ಲಿ, ಬಯಲಿನಲ್ಲಿ ಲಕ್ಷಾಂತರ ವರ್ಷ ಬದುಕಿ ಕಲಿತ ಎಚ್ಚರದಿಂದ ಅವು ತೂಬು ಏರಿಸಿ ಇಳಿಸುತ್ತವೆ. ಗದ್ದೆಯಲ್ಲಿ ಗೊಬ್ಬರ, ನೀರು ಎರಡೂ ಸಿಗುವ ಬೆಳೆಗೆ ಅಷ್ಟು ಎಚ್ಚರ ಬೇಕಿಲ್ಲದಿರಬಹುದು. ಹಾಗೆಂದು ತೂಬುಗಳನ್ನೆಲ್ಲ ಕಿತ್ತೊಗೆಯುವಂತೆಯೂ ಇಲ್ಲ. ಅದೇ ತಂಡ 2018ರಲ್ಲಿ ಹತ್ತು ಜಾಝ್‌ಗಳನ್ನು ತೆಗೆದಾಗ ಗಿಡ ಹುಳುಗಳಿಗೆ ಬಗ್ಗಲಿಲ್ಲ, ಆದರೆ ಸೊರಗಿತು, ಬೀಜವೂ ಕಡಿಮೆಯಾಯಿತು.

ಭತ್ತದ್ದೇ ಒಂದು ಉದಾಹರಣೆ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಡುತ್ತದೆ. ಐಪಿಎ-1 ಎಂಬ ಪ್ರೋಟೀನು ತೆನೆಯ ಕವಲುಗಳನ್ನು ಹೆಚ್ಚಿಸಿ ಕಾಳು ಹೆಚ್ಚಿಸುತ್ತದೆ ಎಂದು ಮೊದಲೇ ಗೊತ್ತಿತ್ತು. 2018ರಲ್ಲಿ ಸಿಚುವಾನ್ ಕೃಷಿ ವಿಶ್ವವಿದ್ಯಾನಿಲಯದ ಶ್ಯೂವೇ ಚೆನ್ ಮತ್ತು ಸಂಗಡಿಗರು, ಬೆಂಕಿ ರೋಗ ತಗುಲಿದಾಗ ಇದೇ ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಕೊಳ್ಳುತ್ತದೆ ಎಂದು ಕಂಡರು. ಅಂಟಿದೊಡನೆ ಅದು ಕಾಳಿನ ಕೆಲಸ ಬಿಟ್ಟು ರಕ್ಷಣೆಯ ವಂಶವಾಹಿಯನ್ನು ಎಬ್ಬಿಸಲು ಹೋಗುತ್ತದೆ. 48 ಗಂಟೆಗಳೊಳಗೆ ಫಾಸ್ಫೇಟ್ ಕಳಚಿ ಮತ್ತೆ ಕಾಳಿನ ಕೆಲಸಕ್ಕೆ ಮರಳುತ್ತದೆ. ಎರಡೂ ಕೆಲಸಕ್ಕೆ ಒಂದೇ ಆಳು, ಬೇಕಾದಾಗ ಬೇಕಾದ ಕಡೆ. ಯಾವಾಗಲೂ ರಕ್ಷಣೆಯಲ್ಲೇ ನಿಲ್ಲಿಸಿದ ಭತ್ತ ಹೇಗಿರುತ್ತದೆಂದು ಜಪಾನಿನವರು ಮೊದಲೇ ನೋಡಿದ್ದರು. ರಕ್ಷಣೆಯ ಆ ವಂಶವಾಹಿಯನ್ನು ಸದಾ ಎಚ್ಚರವಾಗಿಟ್ಟಾಗ ಬೆಂಕಿ ರೋಗ ಸುಳಿಯಲಿಲ್ಲ, ಪೈರೂ ಏಳಲಿಲ್ಲ. ಸೋಂಕು ತಗುಲಿದಾಗ ಮಾತ್ರ ಏಳುವಂತೆ ಮಾರ್ಪಡಿಸಿದ ಮೇಲೆ ಬೆಳವಣಿಗೆ ಸುಧಾರಿಸಿತು.

ಪ್ರಯೋಗಾಲಯದಲ್ಲಿ ಇದೆಲ್ಲ ತಿಳಿಯುವ ಮೊದಲೇ, ವಂಶವಾಹಿಯ ಹೆಸರು ಗೊತ್ತಿಲ್ಲದೆಯೂ, ಕಣ್ಣಳತೆಯಿಂದಲೇ ಬೆಳವಣಿಗೆ, ರಕ್ಷಣೆ ಎರಡನ್ನೂ ಕೂಡಿಸಲು ದುಡಿದವರೊಬ್ಬರು ಮಂಡ್ಯದಲ್ಲೇ ಇದ್ದರು. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಲಕ್ಷ್ಮಣಯ್ಯನವರು, ಜನ ಪ್ರೀತಿಯಿಂದ ಕರೆದ ರಾಗಿ ಲಕ್ಷ್ಮಣಯ್ಯ. ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ರಾಗಿಯ ಹೂ ಬಹಳ ಸಣ್ಣದು, ತನ್ನಷ್ಟಕ್ಕೆ ತಾನೇ ಪರಾಗ ಹೊಂದುವಂಥದು. ಅದನ್ನು ಅಡ್ಡ ಹಾಯಿಸುವುದೇ ತಪಸ್ಸು. ರಾಗಿಗೂ ಬೆಂಕಿ ರೋಗ ಇದೆ, ಕಾಡುವ ಶಿಲೀಂಧ್ರವೂ ಭತ್ತದ್ದರ ಬಳಗದ್ದೇ. ಸಾವಿರಾರು ಗಿಡಗಳ ನಡುವೆ ಓಡಾಡಿ, ತೆನೆ ದಪ್ಪವಿದ್ದು ರೋಗಕ್ಕೆ ಬಗ್ಗದ್ದನ್ನು ಆರಿಸುವುದು ಅಂದರೆ, ಬೆಳವಣಿಗೆಯ ಹಾರ್ಮೋನೂ ರಕ್ಷಣೆಯ ಹಾರ್ಮೋನೂ ಜಗಳವಾಡದ ಗಿಡವನ್ನು ಆರಿಸುವುದೇ. ನಾನು ಹೀಗೆ ಹೇಳುವುದು ಇಂದಿನ ತಿಳಿವಳಿಕೆಯಿಂದ ಹಿಂದಕ್ಕೆ ನೋಡಿ. ಅವರ ಹೊಲದ ಕೆಲಸಕ್ಕೆ ಈ ಭಾಷೆ ಬೇಕಿರಲಿಲ್ಲ.

ವಿ.ಸಿ. ಫಾರಂನ ಇನ್ನೊಂದು ಕೊಡುಗೆ 1996ರ ಕೆಆರ್‌ಎಚ್-2 ಹೈಬ್ರಿಡ್ ಭತ್ತ. ಹಾರ್ಮೋನನ್ನು ಸರಿಯಾಗಿ ಬಳಸುವುದು ಹೇಗೆಂಬುದಕ್ಕೆ ಹೈಬ್ರಿಡ್ ಬೀಜೋತ್ಪಾದನೆಗಿಂತ ಒಳ್ಳೆಯ ನಿದರ್ಶನ ಇಲ್ಲ. ಅಲ್ಲಿ ಹೆಣ್ಣು ಸಾಲಿನ ತೆನೆ ಪೂರ್ತಿ ಹೊರಬರದೆ ಹೊಡೆಯಲ್ಲೇ ಅರ್ಧ ಸಿಕ್ಕಿಕೊಳ್ಳುತ್ತದೆ, ಗಂಡು ಸಾಲಿನ ಪರಾಗ ತಲುಪುವುದಿಲ್ಲ. ತೆನೆ ಇಣುಕುವ ಹೊತ್ತಿಗೆ ಅಳತೆ ಮಾಡಿದ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿದರೆ ತೆನೆ ಹೊರಗೆ ಬರುತ್ತದೆ. ಬೀಜವಿಲ್ಲದ ದ್ರಾಕ್ಷಿಯ ಕಾಯಿ ದಪ್ಪವಾಗಿಸಲು ವಿಜಯಪುರದ ತೋಟಗಳಲ್ಲೂ ಇದೇ ಆಮ್ಲ ಬಳಕೆಯಲ್ಲಿದೆ. ಉದ್ದೇಶ ಒಂದು, ಸಮಯ ಒಂದು, ಅಳತೆ ಒಂದು. ತೆಂಡೆ ಒಡೆಯುವ ಸಾಮಾನ್ಯ ಗದ್ದೆಗೆ ‘ಪೈರು ಏಳಲಿ’ ಎಂದು ಹಾಕುವ ಟಾನಿಕ್ಕಿಗೆ ಈ ಮೂರೂ ಇರುವುದಿಲ್ಲ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಇಂಥ ಟಾನಿಕ್ಕುಗಳನ್ನೂ ಒಳಗೊಂಡ ಜೈವಿಕ ಪ್ರಚೋದಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಒಳಗೇನಿದೆ, ಯಾವ ಬೆಳೆಗೆ ಎಂದು ಹೇಳದ ಬಾಟಲಿಯನ್ನು ವಾಪಸು ಕೊಡುವ ಹಕ್ಕು ರೈತರದು ಎಂದು ನಾನು ತಿಳಿಯುತ್ತೇನೆ, ಬಿಲ್ಲು ಇಟ್ಟುಕೊಂಡಿದ್ದರೆ ಇನ್ನೂ ಗಟ್ಟಿಯಾಗಿ.

ಹಾಗಾದರೆ ಗದ್ದೆಯಲ್ಲಿ ಮಾಡುವುದೇನು? ಎಲ್ಲವೂ ಈಗಾಗಲೇ ಕೃಷಿ ಇಲಾಖೆ ಹೇಳುತ್ತಿರುವುದೇ. ಅದರ ಹಿಂದಿನ ಕಾರಣ ಮಾತ್ರ ಈಗ ಕೈಗೆ ಸಿಕ್ಕಿದೆ. ಯೂರಿಯಾವನ್ನು ಒಂದೇ ಸಲ ಹಾಕದೆ ನಾಟಿಯ ಹೊತ್ತು, ತೆಂಡೆ ಒಡೆಯುವ ಹೊತ್ತು, ಹೊಡೆ ಕಟ್ಟುವ ಮುನ್ನ ಎಂದು ಭಾಗ ಮಾಡಿ ಹಾಕುವುದು. ಹಾಕುವ ಮೊದಲು ಎಲೆ ಬಣ್ಣದ ಪಟ್ಟಿ ಹಿಡಿದು ನೋಡುವುದು. ಎಲೆ ಸಾಕಷ್ಟು ಹಸಿರಾಗಿದ್ದರೆ ಆ ಕಂತನ್ನು ಮುಂದೂಡುವುದು. ಬೆಂಕಿ ರೋಗದ ಚುಕ್ಕೆ ಕಂಡ ಗದ್ದೆಗೆ, ರೋಗ ಹತೋಟಿಗೆ ಬರುವ ತನಕ, ಮೇಲುಗೊಬ್ಬರವಾಗಿ ಯೂರಿಯಾ ಮುಟ್ಟಿಸದಿರುವುದು. ಸಾಲಿನಿಂದ ಸಾಲಿಗೆ ಬೆಳಕು ಬೀಳುವಂತೆ ನಾಟಿ ಮಾಡುವುದು. ಕಟ್ಟು ನೀರಿನ ವರ್ಷ ಗದ್ದೆ ಬಿರಿದು ಹೋಗದಂತೆ ನೋಡಿಕೊಳ್ಳುವುದು, ಅಂಥ ವರ್ಷ ರೋಗ ತಡೆಯುವ ತಳಿಯನ್ನೇ ಆರಿಸುವುದು.

ತಳಿಯ ವಿಷಯದಲ್ಲಿ ಒಂದು ಒತ್ತಾಯವಿದೆ. ದೇಶದಲ್ಲಿ ಭತ್ತದ ತಳಿಗಳನ್ನು ಬೆಂಕಿ ರೋಗಕ್ಕೆ ಒಡ್ಡಿ ಪರೀಕ್ಷಿಸುವ ಕೇಂದ್ರಗಳಲ್ಲಿ ಮಂಡ್ಯವೂ ಒಂದು. ಆ ಪರೀಕ್ಷೆಯ ಫಲಿತಾಂಶ ವಿಜ್ಞಾನಿಗಳ ವಾರ್ಷಿಕ ವರದಿಗೆ ಹೋಗುತ್ತದೆ. ಬಿತ್ತನೆ ಬೀಜ ವಿತರಣೆಯ ದಿನ ಕೊತ್ತತ್ತಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಒಂದು ಹಾಳೆ ಇರಲಿ. ಯಾವ ತಳಿ, ಎಕರೆಗೆ ಎಷ್ಟು ಯೂರಿಯಾ ತನಕ ಬೆಂಕಿ ರೋಗ ತಡೆಯುತ್ತದೆ, ಎಷ್ಟು ದಾಟಿದರೆ ತಡೆಯುವುದಿಲ್ಲ ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು, ಪ್ರತಿ ಮುಂಗಾರಿಗೂ ಹೊಸದಾಗಿ ಅಂಟಿಸಿದರೆ ಸಾಕು.